ರವಿವಾರದ ಒಕ್ಕಲುತನ

ಬೆಳಗಾವಿಯಲ್ಲಿ ಮೊದಲು ದೊಡ್ಡ ಮನುಷ್ಯ ಅನ್ನಿಸಿಕೊಳ್ಳಲು ಟಿಳಕವಾಡಿಯಲ್ಲೊಂದು ಬಂಗಲೆ ಇದ್ದರೆ ಸಾಕಿತ್ತು. ಈಗ ಸಾಲದು. ಜಾಂಬೋಟಿ ರಸ್ತೆಯಲ್ಲೋ ಖಾನಾಪುರದ ಆಚೆಗೋ ಒಂದಿಪ್ಪತ್ತು ಗುಂಟೆ ಹೊಲ ಬೇಕು. ಹೊಲದಲ್ಲಿ ಹೆಂಚಿನ ಮನೆ, ಮನೆ ಮುಂದೆ ಗಿರ್ ಆಕಳು, ಹಿತ್ತಲಲ್ಲಿ ಕಡಕ್‌ನಾಥ್ ಕೋಳಿ, ಗೇಟಿಗೆ ಮುಧೋಳ ನಾಯಿ ಇರಬೇಕು. ಶುಕ್ರವಾರ ಸಂಜೆ “ನಾಳೆ ಫಾರ್ಮಿಗೆ ಹೊಂಟೀವ್ರಿ” ಅನ್ನುವವರ ದನಿ ಕೇಳಬೇಕು ನೀವು. ಕಾಶಿಗೆ ಹೊರಟವರೂ ಅಷ್ಟು ಗಂಭೀರವಾಗಿ ಹೇಳುವುದಿಲ್ಲ.

2020ರವರೆಗೆ ಇದಕ್ಕೊಂದು ತೊಡಕಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಬೇರೆ ಆದಾಯ ಇದ್ದವರನ್ನು, ಸ್ವತಃ ಸಾಗುವಳಿ ಮಾಡದವರನ್ನು ಹೊಲದ ಬದುವಿನಾಚೆಗೇ ನಿಲ್ಲಿಸುತ್ತಿದ್ದವು. ತಿದ್ದುಪಡಿ ಬಂತು, ಕಲಮು ಹೋದವು, ರಾತ್ರೋರಾತ್ರಿ ರೈತರು ಹುಟ್ಟಿದರು. ನನ್ನ ಪರಿಚಯದ ಬಿಲ್ಡರ್ ಸಾಹೇಬರೊಬ್ಬರು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬಂದ ದಿನವೇ ವಾಟ್ಸಾಪಿನಲ್ಲಿ ‘ಮಣ್ಣಿನ ಮಗ’ ಎಂದು ಹಾಕಿಕೊಂಡರು. ಮಣ್ಣು ತುಳಿದದ್ದು ಮಾತ್ರ ಅದಾಗಿ ಬಹಳ ದಿನದ ಮೇಲೆ, ಅದೂ ಗಮ್‌ಬೂಟು ಬಂದ ನಂತರ.

ಆ ಹೊಲ ಮೊದಲು ಅಲ್ಲಿಯ ಕಾಕಾನದೇ. ಮಗಳ ಮದುವೆ, ಸೊಸೈಟಿ ಸಾಲ, ಮಗನ ಡಿಪ್ಲೊಮಾ. ಕಾರಣ ಹೊಸದೇನಲ್ಲ ಬಿಡಿ. ಹೊಲ ಕೊಟ್ಟ ಕಾಕಾ ಈಗ ಅದೇ ಹೊಲದಲ್ಲಿ ಕೇರ್‌ಟೇಕರ್. ಅವನ ಹತ್ತಿರ ಉಳಿದಿರುವುದು ಒಂದು ಎಮ್ಮಿ, ಅವನ ಹೆಂಡತಿ ಕಾಕು ಸಾಕಿದ ನಾಲ್ಕು ಜವಾರಿ ಕೋಳಿ. ಸಾಹೇಬರು ದನ ಸಾಕುತ್ತಾರೆ ಎಂದು ಊರೆಲ್ಲ ಹೇಳುತ್ತದೆ. ಸೆಗಣಿ ಬಳಿಯುವುದು, ಕಣಕಿ ಕತ್ತರಿಸುವುದು, ಹಿಂಡಿ ನೆನೆಹಾಕುವುದು, ಹಾಲು ಹಿಂಡುವುದು ಕಾಕಾ. ಉಳಿದದ್ದನ್ನು, ಅಂದರೆ ಫೋಟೋ ತೆಗೆಯುವುದನ್ನು, ಸಾಹೇಬರೇ ಮಾಡುತ್ತಾರೆ.

ಗಿರ್ ಆಕಳು ಸೌರಾಷ್ಟ್ರದ್ದು, ಒಣಹವೆಯ ಪ್ರಾಣಿ. ಅದನ್ನು ಲಾರಿಯಲ್ಲಿ ತಂದು ಕಟ್ಟಿದ್ದು ಮುಂಗಾರಿನಲ್ಲಿ ಸೂರ್ಯನ ಮುಖ ಕಾಣದ ಖಾನಾಪುರದ ಕಾಡಂಚಿಗೆ. ಆಷಾಢದ ಕೆಸರಿನಲ್ಲಿ ಗೊರಸಿನ ಸಂದಿ ಕೊಳೆತು ಅದು ಕುಂಟತೊಡಗಿತು. “ಕೊಟ್ಟಿಗಿಗೆ ಕಲ್ಲು ಹಾಸಿಸ್ರಿ ಸಾಹೇಬ್ರ, ನೀರ ನಿಲ್ಲಾಕತ್ತಾವು” ಎಂದ ಕಾಕಾ. ಸಾಹೇಬರು ಸಿಸಿಟಿವಿ ಹಾಕಿಸಿದರು. ಈಗ ಅದು ಕುಂಟುವುದು ಬೆಳಗಾವಿಯಲ್ಲಿ ಕೂತೇ ಮೊಬೈಲಿನಲ್ಲಿ ಸ್ವಚ್ಛ ಕಾಣುತ್ತದೆ.

ಗಿರ್ ರಕ್ತ ಈ ಸೀಮೆಗೆ ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೇಜ್ ರಕ್ತವನ್ನು ನಮ್ಮ ಕಡೆಯ ದನಗಳಿಗೆ ಕೂಡಿಸಿ ಕೃಷ್ಣಾ ಕಣಿವೆ ತಳಿ ಮಾಡಿದ್ದರು. ಕೃಷ್ಣಾ, ಘಟಪ್ರಭಾ, ಮಲಪ್ರಭೆಯ ಅಂಟು ಎರಿಮಣ್ಣಿನಲ್ಲಿ ಕಾಲು ಹೂತರೂ ನೇಗಿಲು ಬಿಡದ ದನ ಅದು. ಟ್ರ್ಯಾಕ್ಟರ್ ಬಂದ ಮೇಲೆ ಕಡಿಮೆಯಾಗುತ್ತ ಹೋಗಿ, ಈಗ ಅದನ್ನು ಹುಡುಕಿಕೊಂಡು ಹೋಗಬೇಕು. ಲಕ್ಷ ಸುರಿದು ಗುಜರಾತಿನಿಂದ ತರುವ ಬದಲು ಅದನ್ನೇ ಸಾಕಬಹುದಲ್ಲ ಎಂದು ನಾನು ಕೇಳಿದ್ದುಂಟು. “ಅದರ ಕಿವಿ ಇಷ್ಟು ಉದ್ದ ಇರ್ತಾವೇನ್ರಿ?” ಎಂದರು ಸಾಹೇಬರು. ತಳಿ ಆರಿಸುವ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಇನ್ನು ಹಾಲು. ಕಾಕಾನ ಎಮ್ಮಿ ಹಾಲು ಡೇರಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ದಿನಾ ಎರಡು ಹೊತ್ತು ಪರೀಕ್ಷೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು, ಪಾಯಿಂಟ್ ಇಳಿದರೆ ರೊಕ್ಕ ಇಳಿಯಿತು. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಸಾಹೇಬರ ಹಾಲಿಗೆ ಪರೀಕ್ಷೆಯೂ ಇಲ್ಲ, ಫಲಿತಾಂಶವೂ ಇಲ್ಲ. ಗಾಜಿನ ಬಾಟಲಿ, ಸೆಣಬಿನ ದಾರ, ಮೇಲೊಂದು ಚೀಟಿ: ‘ಎ2’. ಗೆಳೆಯರಿಗೆ ಅದು ಡೇರಿ ದರದ ಮೂರು ಪಟ್ಟಿಗೆ ಹೋಗುತ್ತದೆ, ಮೇಲೆ ಥ್ಯಾಂಕ್ಸ್ ಬೇರೆ ಬರುತ್ತದೆ.

2024ರ ಆಗಸ್ಟ್ 21ರಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಒಂದು ಸೂಚನೆ ಹೊರಡಿಸಿತು. ಎ1, ಎ2 ಅಂತ ಹಾಲಿನ ಮೇಲೆ ಬರೆಯುವುದು ಜನರ ದಾರಿ ತಪ್ಪಿಸುತ್ತದೆ, ತೆಗೆಯಿರಿ ಎಂದಿತು. ಸಾಹೇಬರ ಮನೆಯವರು, ನಾವೆಲ್ಲ ವೈನಿ ಅನ್ನುತ್ತೇವೆ, ಕೂತು ಬಾಟಲಿಗಳ ಚೀಟಿ ಕೆರೆದರು. ಆಗಸ್ಟ್ 26ಕ್ಕೆ ಸೂಚನೆಯನ್ನು ಪ್ರಾಧಿಕಾರವೇ ವಾಪಸು ತೆಗೆದುಕೊಂಡಿತು. ವೈನಿ ಮತ್ತೆ ಚೀಟಿ ಅಂಟಿಸಿದರು. ಈ ಐದು ದಿನ ಆಕಳು ಎಂದಿನ ಹಾಗೆಯೇ ಮೇವು ತಿಂದು ಎಂದಿನದೇ ಹಾಲು ಕೊಟ್ಟಿತು. ಎ2 ಎಂದರೆ ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಒಂದು ಬಗೆ. ಎಮ್ಮಿ ಹಾಲಿನಲ್ಲಿರುವುದೂ ಅದೇ. ಇದನ್ನು ನಾನು ಕಾಕಾನಿಗೆ ಹೇಳಿದೆ. “ಹೌದೇನ್ರಿ? ಹಂಗಾರ ಡೇರಿಯಾಂವಾ ಯಾಕ ಬಾಯಿ ಬಿಡವಲ್ಲ?” ಎಂದು ಕ್ಯಾನು ಎತ್ತಿಕೊಂಡು ಹೋದ.

ಕೋಳಿಯ ಕತೆ ಇನ್ನೂ ಸೊಗಸು. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಸೀಮೆಯದು, 2018ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು. ಗರಿ ಕಪ್ಪು, ಚರ್ಮ ಕಪ್ಪು, ಮಾಂಸವೂ ಕಪ್ಪು. ಆದರೆ ಈ ಕೋಳಿಗೆ ಕಾವು ಕೂಡುವ ಚಾಳಿ ಕಡಿಮೆ. ತತ್ತಿ ಇಟ್ಟು ಎದ್ದು ಹೋಗುತ್ತದೆ. ಹೀಗಾಗಿ ಕಾಕು ಬುಟ್ಟಿಯಲ್ಲಿ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ಸಾಹೇಬರ ತತ್ತಿಗಳನ್ನು ತನ್ನ ಜವಾರಿ ಕೋಳಿಯ ಹೊಟ್ಟೆಯಡಿ ಇಟ್ಟಳು. ಇಪ್ಪತ್ತೊಂದು ದಿನ ಅದು ಬುಟ್ಟಿ ಬಿಡಲಿಲ್ಲ. ಕಾಳು ಮುಂದಿಟ್ಟರೆ ನಾಲ್ಕು ಕುಕ್ಕಿ ಮತ್ತೆ ಹೋಗಿ ಕೂರುತ್ತಿತ್ತು, ಎದೆಯ ಗರಿ ಉದುರಿ ತೊಗಲು ಕಾಣುತ್ತಿತ್ತು. ಕಪ್ಪು ಮರಿಗಳು ಹೊರಬಂದವು. ಸಾಹೇಬರು ಕೇಕ್ ಕತ್ತರಿಸಿದರು. ಆ ರವಿವಾರ ಬಂದ ಅತಿಥಿಗಳು “ಊರಿಗೆ ಬಂದೀವಿ ಅಂದ್ಮ್ಯಾಲ ಕೋಳಿ ಸಾರ ಆಗಬೇಕು” ಎಂದರು. ಕಡಕ್‌ನಾಥ್ ಕೊಯ್ಯಲು ಯಾರಿಗೂ ಮನಸ್ಸು ಬರಲಿಲ್ಲ, ಬೆಲೆ ಹಾಗಿದೆ. ಜವಾರಿ ಕೋಳಿಯ ಸಾರೇ ಆಯಿತು. ಬಹಳ ರುಚಿಯಾಗಿತ್ತಂತೆ. ಕಾಕು ಆ ದಿನ ಊಟಕ್ಕೆ ಕೂರಲಿಲ್ಲ.

ಮುಧೋಳ ನಾಯಿಯ ಪಾಡು ಬೇರೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಅದರ ಹೆಸರು ತೆಗೆದದ್ದೇ ತಡ, ಬೆಳಗಾವಿಯ ಗೇಟುಗಳೆಲ್ಲ ಅದನ್ನು ಬೇಡಿದವು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, ಸೈನ್ಯವೂ ಅದರ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿದೆ. ಮೊಲದ ಹಿಂದೆ ಹೊಲದ ಈ ಬದುವಿನಿಂದ ಆ ಬದುವಿಗೆ ಓಡಲು ಹುಟ್ಟಿದ ನಾಯಿ. ಸಾಹೇಬರಲ್ಲಿ ಅದಕ್ಕೆ ಸಿಕ್ಕದ್ದು ಆರು ಅಡಿ ಸರಪಳಿ. ಪುಣೆಯಿಂದ ಬಂದ ಅತ್ತೆಯವರಿಗೆ ಅದರ ಪಕ್ಕೆಲುಬು ಕಂಡು ಕರುಳು ಚುರ್ರೆಂದಿತು. “ಅಯ್ಯ, ಮೂಕಪ್ರಾಣಿ, ಇದಕ್ಕ ಉಣ್ಣಾಕ ಹಾಕಂಗಿಲ್ಲೇನ?” ಅದು ಇರುವುದೇ ಹಾಗೆ ಎಂದರೆ ನಂಬಲಿಲ್ಲ. ಅವರು ಇದ್ದಷ್ಟು ದಿನ ಕುಂದಾ ತಿನ್ನಿಸಿದರು, ಹೋದ ಮೇಲೆ ಮಕ್ಕಳು ಆ ರೂಢಿ ಬಿಡಲಿಲ್ಲ. ಲಸಿಕೆ ಹಾಕಲು ಬಂದ ಡಾಕ್ಟರು ಕಾರ್ಡಿನಲ್ಲಿ ತಳಿ ಬರೆಯುವ ಮೊದಲು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಆಕಳ ಕಿವಿಯ ಹಳದಿ ಬಿಲ್ಲೆ ವೈನಿಯವರಿಗೆ ದೊಡ್ಡ ತಲೆನೋವು. ಅದರಲ್ಲಿ ಹನ್ನೆರಡು ಅಂಕಿಗಳಿವೆ, ಮನುಷ್ಯರ ಆಧಾರ್‌ನಲ್ಲಿ ಇರುವಷ್ಟೇ. ಬಂದವರ ಮಗುವೊಂದು ಅದನ್ನು ನೋಡಿ “ಅಂಕಲ್, ಇದು ಸೇಲ್‌ನಾಗ ಐತೇನು?” ಎಂದಿತ್ತು. ಕಿತ್ತುಹಾಕೋಣವೆಂದರೆ ವಿಮೆಯವರ ಮಾತು ಖಡಕ್: ಬಿಲ್ಲೆ ಇಲ್ಲದಿದ್ದರೆ ರೊಕ್ಕ ಇಲ್ಲ. ಆದ್ದರಿಂದ ರವಿವಾರ ಬಂತೆಂದರೆ ಕಾಕಾ ಆ ಕಿವಿಗೆ ಚೆಂಡುಹೂವಿನ ಮಾಲೆ ಇಳಿಬಿಡಬೇಕು. ಆಕಳು ಸೋಮವಾರದೊಳಗೆ ಅದನ್ನು ತಿಂದುಬಿಡುತ್ತದೆ.

2023ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಫೆಬ್ರವರಿ 14ಕ್ಕೆ ಎಲ್ಲರೂ ಆಕಳನ್ನು ಅಪ್ಪಿಕೊಳ್ಳಿ ಎಂದು ಕರೆಕೊಟ್ಟಿತ್ತು, ನೆನಪಿರಬೇಕು. ನಾಲ್ಕೇ ದಿನದಲ್ಲಿ ಆ ಕರೆಯನ್ನು ವಾಪಸು ಪಡೆಯಿತು. ಸಾಹೇಬರು ಪಡೆಯಲಿಲ್ಲ. ಅವರ ಫಾರ್ಮಿನಲ್ಲಿ ಈಗಲೂ ಅದು ನಡೆದಿದೆ, ಮಕ್ಕಳಿಗೆ ಅರ್ಧ ದರ. ಕಾಕಾ ಮೊದಲು ಹಿಂಗಾಲಿಗೆ ಹಗ್ಗ ಬಿಗಿದು, ಮುಂದೆ ಹಿಂಡಿಯ ಬುಟ್ಟಿ ಇಟ್ಟು, “ಈಗ ಬರ್ರಿ” ಎನ್ನುತ್ತಾನೆ. ಬೆಂಗಳೂರಿನ ಕಂಪನಿ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಅಪ್ಪಿಕೊಂಡು “ಎಷ್ಟು ಶಾಂತಿ” ಎನ್ನುತ್ತಿರುವಾಗಲೇ ಆಕಳು ಸೆಗಣಿ ಹತ್ತಿದ ಬಾಲವನ್ನು ಒಮ್ಮೆ ಬೀಸಿತು. ಆ ವಿಡಿಯೋ ಎಲ್ಲೂ ಬಂದಿಲ್ಲ, ನಾನು ಹುಡುಕಿದ್ದೇನೆ.

1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ದನ ಇದ್ದಲ್ಲಿಗೇ ಬರುತ್ತದೆ. ಒಳ್ಳೆಯ ವ್ಯವಸ್ಥೆ, ಕಾಕಾನ ಎಮ್ಮಿಯ ಕರು ಅಡ್ಡ ಸಿಕ್ಕಿಕೊಂಡಾಗ ಜೀವ ಉಳಿಸಿದೆ. ಸಾಹೇಬರೂ ಒಮ್ಮೆ ಫೋನ್ ಮಾಡಿದ್ದರು. ಹುಂಜ ನಸುಕಿನ ನಾಲ್ಕಕ್ಕೇ ಕೂಗುತ್ತದೆ, ಅತಿಥಿಗಳಿಗೆ ನಿದ್ದೆಯಿಲ್ಲ, ಏಳರ ನಂತರ ಕೂಗುವ ಹಾಗೆ ಏನಾದರೂ ಇಂಜೆಕ್ಷನ್ ಇದೆಯೇ ಎಂದು ಕೇಳಲು.

ಫಾರ್ಮಿನ ನಡುವೆ ದೊಡ್ಡ ಲಾನ್ ಇದೆ. ಹಸಿರು ಹುಲ್ಲು ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಇರುತ್ತದೆ. ಅದರ ಮೇಲೆ ಆಕಳು ಕಾಲಿಡುವಂತಿಲ್ಲ. ಲಾನ್ ಹಾಳಾಗುತ್ತದೆ. ಲಾನಿನ ಆಚೆ ತಂತಿಬೇಲಿ, ಬೇಲಿಯ ಆಚೆ ಕಾಕಾನ ಎಮ್ಮಿ ನಿಂತು ಈ ಹುಲ್ಲನ್ನೇ ನೋಡುತ್ತಿರುತ್ತದೆ. ಊರ ದನ ಮೇಯಲು ನಮ್ಮಲ್ಲಿ ಗಾಯರಾಣ ಅಂತ ಇತ್ತು. ಭೂಕಂದಾಯ ನಿಯಮಗಳ ಪ್ರಕಾರ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಬಿಡಬೇಕು. ಈ ಊರಿನ ಗಾಯರಾಣ ನಕಾಶೆಯಲ್ಲಿ ಈಗಲೂ ಇದೆ. ಹೊಲಕ್ಕೆ ಹೋಗಿ ನೋಡಿದರೆ ಅಲ್ಲೊಂದು ಕಮಾನು, ಕಮಾನಿನ ಮೇಲೆ ‘ಗ್ರೀನ್ ಮೆಡೋಸ್, ಫಾರ್ಮ್ ಪ್ಲಾಟ್‌ಗಳು ಲಭ್ಯ’.

ಕಾರಹುಣ್ಣಿಮೆಗೆ ಎತ್ತು ಬೇಕಲ್ಲ? ಪಕ್ಕದ ಊರಿಂದ ಒಂದು ಜೋಡಿ ಬಾಡಿಗೆಗೆ ತಂದರು. ಕೊಂಬಿಗೆ ಬಣ್ಣ, ಮೈಮೇಲೆ ಝೂಲ, ಕುರ್ತಾ ಹಾಕಿದ ಸಾಹೇಬರು ನಡುವೆ. ಹನ್ನೊಂದಕ್ಕೆ ಎತ್ತಿನವನು ಗಡಿಯಾರ ನೋಡಿ, “ಸಾಹೇಬ್ರ, ಇನ್ನೂ ಎರಡ ಫಾರ್ಮಿಗೆ ಹೋಗೂದೈತ್ರಿ” ಎಂದ. ಎತ್ತಿಲ್ಲದವರಿಗೆಂದೇ ಹಿರಿಯರು ಮಣ್ಣೆತ್ತಿನ ಅಮಾವಾಸ್ಯೆ ಇಟ್ಟಿದ್ದರೋ ಏನೋ. ಅದಕ್ಕೆ ಕೈ ಮಣ್ಣಾಗಬೇಕು, ಅಷ್ಟೇ ತೊಂದರೆ.

ಇಷ್ಟೆಲ್ಲ ಆದ ಮೇಲೆ ಪ್ರಶಸ್ತಿ ಬರದಿದ್ದರೆ ಹೇಗೆ? ಒಂದು ಕಾರ್ಯಕ್ರಮದಲ್ಲಿ ಸಾಹೇಬರಿಗೆ ಶಾಲು, ಪೇಟಾ, ‘ಮಾದರಿ ಗೋಪಾಲಕ’ ಎಂಬ ಫಲಕ ಕೊಟ್ಟರು. ನಿರೂಪಕಿ ಮೈಕು ಹಿಡಿದು, “ಸರ್, ನಿಮ್ಮ ಆಕಳು ದಿನಕ್ಕೆ ಎಷ್ಟು ಲೀಟರ್ ಕೊಡುತ್ತೆ?” ಎಂದಳು. ಸಾಹೇಬರು ಕೆಳಗೆ ಕಾಕಾನನ್ನು ಹುಡುಕಿದರು. ಕಾಕಾ ಸಭೆಯಲ್ಲಿ ಇರಲಿಲ್ಲ, ಅದು ಹಾಲು ಹಿಂಡುವ ಹೊತ್ತು.

ಹೋದ ದೀಪಾವಳಿಯ ಹೊತ್ತಿಗೆ ಆಕಳು ಬತ್ತಿತು. ಮೊದಲ ಬಾರಿ ಹಾಲಿಲ್ಲದೆ ಬರೀ ಸೆಗಣಿ ಬಂದಾಗ ಮನೆಯಲ್ಲಿ ಲೆಕ್ಕ ಶುರುವಾಯಿತು. ಮಕ್ಕಳಿಗೂ ಬೇಜಾರು ಬಂದಿತ್ತು, ಈಗ ಅವರಿಗೆ ಕುದುರೆ ಬೇಕು. ಗೋಶಾಲೆಗೆ ಫೋನ್ ಮಾಡಿದರೆ ಜಾಗವಿಲ್ಲ ಎಂದರು. ಬೇಕಾದರೆ ನೀವೇ ಒಂದು ದತ್ತು ತಗೊಳ್ಳಿ, 2022ರಿಂದ ‘ಪುಣ್ಯಕೋಟಿ ದತ್ತು’ ಯೋಜನೆ ಇದೆ, ವರ್ಷಕ್ಕೆ 11 ಸಾವಿರ ಎಂದು ಸಲಹೆ ಬೇರೆ ಕೊಟ್ಟರು. ಕಾಕಾ ಆ 11 ಸಾವಿರವನ್ನು ದಿನಕ್ಕೆ ಭಾಗಿಸಿ ನೋಡಿದ. “ಮೂವತ್ತು ರೂಪಾಯಿ ಬರ್ತೈತ್ರಿ. ಅಷ್ಟರಾಗ ನನ್ನ ಒಂದ ಪ್ಲೇಟ್ ಇಡ್ಲಿನೂ ಆಗಂಗಿಲ್ಲ.”

ಕೊನೆಗೆ ಸಾಹೇಬರಿಗೆ ದೊಡ್ಡ ಮನಸ್ಸು ಬಂತು. ಕಾಕಾನ ಹೆಗಲ ಮೇಲೆ ಕೈಯಿಟ್ಟು, “ಕಾಕಾ, ಈ ಆಕಳ ನಿನಗ ಪುಕ್ಕಟ. ನೀನೂ ಮಾಲಕ ಆಗು” ಎಂದರು.

ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಬ್ಯಾಡ್ರಿ ಸಾಹೇಬ್ರ. ಪುಕ್ಕಟ ಆಕಳ ಸಾಕೂವಷ್ಟು ಶ್ರೀಮಂತ ಅಲ್ರಿ ನಾ.”

ಮುಂದಿನ ವಾರ ವಾಟ್ಸಾಪಿನಲ್ಲಿ ಜಾಹೀರಾತು ಬಂತು. ‘ಜಾಂಬೋಟಿ ರಸ್ತೆಗೆ ಹತ್ತಿ ಇಪ್ಪತ್ತು ಗುಂಟೆ ಸುಂದರ ಫಾರ್ಮ್ ಮಾರಾಟಕ್ಕಿದೆ. ಬೋರ್‌ವೆಲ್, ಲಾನ್, ಸಿಸಿಟಿವಿ, ಅಸಲಿ ಗಿರ್ ಆಕಳು, ಅನುಭವಿ ಕೇರ್‌ಟೇಕರ್ ಸಹಿತ.’