ಎಲೆಯ ರಸಕ್ಕೂ ಅಳತೆ ಬೇಕು

“ಸೊಪ್ಪಿನ ರಸ ತಾನೇ, ಸ್ವಲ್ಪ ಗಟ್ಟಿಯಾದರೆ ಏನಾಗುತ್ತದೆ?” ಮುಂಗಾರು ಹತ್ತಿರವಾದಂತೆ, ಬಿತ್ತುವ ಬೀಜವನ್ನು ಎಲೆಯ ರಸದಲ್ಲಿ ನೆನೆಸುವವರಿಂದ ಈ ಮಾತು ಎಲ್ಲೆಡೆ ಕೇಳಿಬರುತ್ತದೆ. ಬೀಜ ಮೊಳೆಯದೆ ಹೋಗಬಹುದು, ಅದೇ ಆಗುವುದು.

ಬೀಜೋಪಚಾರಕ್ಕೆ, ಅಂದರೆ ಬಿತ್ತುವ ಮುಂಚೆ ಬೀಜವನ್ನು ಉಪಚರಿಸುವುದಕ್ಕೆ, ಸೊಪ್ಪಿನ ರಸ ಬಳಸಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದ್ದರಿಂದಲೇ, ಯಾವ ಸೊಪ್ಪು, ಎಷ್ಟು ನೀರು, ಎಷ್ಟು ಹೊತ್ತು ಎಂಬುದನ್ನು ಹೇಳದೆ “ನೂರಕ್ಕೆ ನೂರು ಮೊಳಕೆ” ಎಂದು ಸಾರುವ ವಿಡಿಯೊಗಳನ್ನು ಕಂಡರೆ ಸಿಟ್ಟು ಬರುತ್ತದೆ. ಎಲೆಯ ಕಹಿ, ಒಗರು, ಘಾಟು ಇರುವುದು ನಮ್ಮ ರಾಗಿಯ ಉಪಕಾರಕ್ಕಲ್ಲ, ಆ ಗಿಡದ ರಕ್ಷಣೆಗೆ. ನೀಲಗಿರಿ ತೋಪಿನ ಅಡಿಯಲ್ಲಿ ಬೇರೆ ಗಿಡಗಳು ಏಳಲು ಹೆಣಗುವುದನ್ನು ಯಾರು ನೋಡಿಲ್ಲ? ಕಾಂಗ್ರೆಸ್ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಪಕ್ಕದ ಬೀಜಗಳ ಮೊಳಕೆಯನ್ನೇ ತಡೆಯುತ್ತದೆ. ಬೇವಿನ ಎಲೆಯ ರಸವೂ ಗಟ್ಟಿಯಾದರೆ ಅದೇ ಕೆಲಸ ಮಾಡುತ್ತದೆ.

ನುಗ್ಗೆ ಸೊಪ್ಪಿನ ಗುಣ ಬೇರೆ. ಅದರಲ್ಲಿ ಝಿಯಾಟಿನ್ ಇದೆ. ಜೀವಕೋಶಗಳ ವಿಭಜನೆಯನ್ನು ಚುರುಕುಗೊಳಿಸುವ ಸಸ್ಯ ಹಾರ್ಮೋನ್ ಇದು. ಅದನ್ನೂ ಹಿಂಡಿದ ರಸವಾಗಿಯೇ ಬಳಸುವುದಿಲ್ಲ, ಸಾಮಾನ್ಯವಾಗಿ ಸುಮಾರು 30 ಪಟ್ಟು ನೀರು ಬೆರೆಸುತ್ತಾರೆ.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. ರಾಗಿಯನ್ನು ಬರೀ ನೀರಿನಲ್ಲಿ ಕೆಲವು ಗಂಟೆ ನೆನೆಸಿ ನೆರಳಿನಲ್ಲಿ ಆರಿಸಿ ಬಿತ್ತಿದರೂ ಮೊಳಕೆ ಬೇಗ, ಒಂದೇ ಸಮನಾಗಿ ಬರುತ್ತದೆ. ಆ ಲಾಭದಲ್ಲಿ ನೀರಿನ ಪಾಲೆಷ್ಟು, ಎಲೆಯ ಪಾಲೆಷ್ಟು? ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಹಾಗೇ ಇಟ್ಟ ಬೀಜ, ನೀರಿನಲ್ಲಿ ನೆನೆಸಿದ ಬೀಜ, ರಸದಲ್ಲಿ ನೆನೆಸಿದ ಬೀಜ, ತಲಾ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಸುತ್ತಿಡಿ. ಎಂಟು ದಿನಗಳಲ್ಲಿ ಲೆಕ್ಕ ಸಿಗುತ್ತದೆ. ಪ್ರಮಾಣಿತ ರಾಗಿ ಬೀಜಕ್ಕೆ ಕನಿಷ್ಠ 75 ಕಾಳು ಮೊಳೆಯಬೇಕೆಂಬ ನಿಯಮವಿದೆ. ಹಾಗೇ ಇಟ್ಟ ಬೀಜದಲ್ಲಿ 40 ಕಾಳು ಮಾತ್ರ ಮೊಳೆತರೆ ಆ ಬೀಜವನ್ನು ಬಿಟ್ಟುಬಿಡಿ. ಸತ್ತ ಬೀಜಕ್ಕೆ ಯಾವ ಎಲೆಯೂ ಜೀವ ಕೊಡುವುದಿಲ್ಲ. ಸೋಯಾ, ಕಡಲೆಕಾಯಿಯನ್ನಂತೂ ಹೀಗೆ ನೆನೆಸಲೇಬೇಡಿ, ತೆಳು ಸಿಪ್ಪೆ ಬಿರಿದು ಬೇಳೆ ಒಡೆಯುತ್ತದೆ.

ರೋಗದ ವಿಷಯದಲ್ಲೂ ಪ್ರಾಮಾಣಿಕರಾಗಿರೋಣ. ಬೀಜದ ಮೈಗೆ ಅಂಟಿದ ಬೂಷ್ಟನ್ನು ಕೆಲವು ಎಲೆಗಳ ರಸ ತಗ್ಗಿಸಬಲ್ಲದು. ಆದರೆ ಗೋಧಿಯ ಕಾಡಿಗೆ ರೋಗದ ಶಿಲೀಂಧ್ರ ಭ್ರೂಣದ ಒಳಗೇ ಅಡಗಿರುತ್ತದೆ, ಮೇಲೆ ಸವರಿದ ರಸ ಅಲ್ಲಿಗೆ ತಲುಪದು. ರಾಗಿಯ ಬೆಂಕಿ ರೋಗ ಬೀಜದಿಂದಲೂ ಬರುತ್ತದೆ, ಗಾಳಿಯಲ್ಲೂ ಹರಡುತ್ತದೆ. ಬಿತ್ತನೆಗೆ ಮುಂಚೆ ಒಮ್ಮೆ ಉಪಚರಿಸಿದರೆ ತೆನೆಯವರೆಗೂ ಭಯವಿಲ್ಲ ಎಂದು ಹೇಳಿದವರು, ತೆನೆ ಜೊಳ್ಳಾದಾಗ ಆ ರೈತನ ಜೊತೆ ನಿಲ್ಲುವುದಿಲ್ಲ.

ಇಷ್ಟಾದರೂ ಸೊಪ್ಪಿನ ದಾರಿಯನ್ನು ಬಿಡಬಾರದೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಬಿತ್ತನೆಯ ದಿನ, ಶಿಲೀಂಧ್ರ ಕೊಲ್ಲುವ ವಿಷವಾದ ಥೈರಮ್ ಬೆರೆಸಿದ ಬಣ್ಣದ ಬೀಜವನ್ನು ಬರಿಗೈಯಲ್ಲಿ ಕಲಸುವವರು, ಅದೇ ಕೈಯಲ್ಲಿ ಬುತ್ತಿ ಬಿಚ್ಚುವವರು ನಮ್ಮ ಮನೆಯ ಹೆಂಗಸರೇ. ಅವರಿಗೆ ಕೈಗವಸು ಕೊಡುವವರು ಎಷ್ಟು ಮಂದಿ?

ಮುಂಗಾರಿನಲ್ಲಿ ರೈತ ಸಂಪರ್ಕ ಕೇಂದ್ರಗಳು ಬೀಜ ವಿತರಿಸುತ್ತವೆ. ಅಲ್ಲೇ ಗೋಡೆಯ ಮೇಲೆ, ಆ ಹೋಬಳಿಯ ಬೆಳೆಗೆ ಒಪ್ಪುವ ಎಲೆ ಯಾವುದು, ಕಿಲೋ ಬೀಜಕ್ಕೆ ಎಷ್ಟು ರಸ, ಎಷ್ಟು ಹೊತ್ತು ಎಂದು ಪರೀಕ್ಷಿಸಿ ನೋಡಿದ ಅಳತೆಯನ್ನು ಬರೆಸಲಿ. ಕೃಷಿ ವಿಶ್ವವಿದ್ಯಾಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಈ ಬಿತ್ತನೆಗೆ ಮುಂಚೆಯೇ ಆ ಅಳತೆಯನ್ನು ಒದಗಿಸಲಿ.