ನಾನು ಜೋಡಿಸಿದ ಸಾಲನ್ನು ಮುಟ್ಟಬೇಡಿ

ನಿನ್ನೆ ರಾತ್ರಿಯ ಸಿಟ್ಟು ಬೆಳಗಾದರೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಉತ್ತರ ಕನ್ನಡದ ಕಡೆ ಈಗ ಕೊನೆಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲ. ನಿಮಗೆಲ್ಲ ಗೊತ್ತಲ್ಲ, ಕತ್ತಲಾದ ಮೇಲೆ ಅಂಗಳದಲ್ಲಿ ಹಸಿ ಅಡಿಕೆ ರಾಶಿ, ಸುತ್ತ ಅದನ್ನು ಸುಲಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಜನ. ಕೈಗೆ ಕೆಲಸ ಇರುತ್ತದೆ, ಕಿವಿಗೆ ಇರುವುದಿಲ್ಲ. ಅದಕ್ಕಾಗಿಯೇ ಆಯಿಯ ಫೋನಿನಲ್ಲಿ ಒಂದು ಪ್ಲೇಲಿಸ್ಟ್ ಮಾಡಿಕೊಟ್ಟಿದ್ದೆ. ಗದಾಯುದ್ಧದ ಒಂದು ಹಳೆಯ ತಾಳಮದ್ದಲೆ, ಅಂದರೆ ವೇಷವಿಲ್ಲದೆ ಕೂತು ಪದ್ಯ ಹಾಡಿ, ಮಾತಿನಲ್ಲಿ ಅರ್ಥ ಹೇಳುವ ಯಕ್ಷಗಾನ. ಕ್ಯಾಸೆಟ್ ಕಾಲದ್ದು. ಆ್ಯಪ್‌ಗೆ ಏರಿಸಿದವರು ಅದನ್ನು ತುಂಡು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಹೆಸರು ಕೊಟ್ಟು ಹಾಕಿದ್ದಾರೆ. ನಾನು ಎಲ್ಲವನ್ನೂ ಕೂತು ಕೇಳಿದೆ. ಯಾವ ಪದ್ಯ ಆದ ಮೇಲೆ ಯಾವ ಅರ್ಥ, ಯಾರ ಮಾತಿಗೆ ಯಾರ ಉತ್ತರ ಎಂದು ನೋಡಿಕೊಂಡು ಸಾಲಾಗಿ ಜೋಡಿಸಿದೆ.

ನಿನ್ನೆ ಆಯಿ ಪ್ಲೇ ಒತ್ತಿದಳು. ಕೌರವ ತೊಡೆ ಮುರಿದು ಬಿದ್ದ. ಮುಂದಿನ ತುಂಡಿನಲ್ಲಿ ಅದೇ ಕೌರವ ಸರೋವರದಿಂದ ಎದ್ದು ಬಂದು ಭೀಮನ ಎದುರು ವಾದಕ್ಕೆ ನಿಂತ. ಅದು ಮುಗಿಯುತ್ತಿದ್ದಂತೆ ಒಂದು ಸಿನಿಮಾ ಹಾಡು. ನಾನು ಹಾಕಿದ್ದೇ ಅಲ್ಲ ಅದು! ಆಯಿ ಕತ್ತಿ ಬಿಟ್ಟು ಎದ್ದು ಬಂದು ಫೋನ್ ಬಂದ್ ಮಾಡಿದಳು. ಉಳಿದ ಅಡಿಕೆ ಸುಲಿದು ಮುಗಿಯುವವರೆಗೆ ಅಂಗಳದಲ್ಲಿ ಹಾಡಿಲ್ಲ, ಕಥೆಯಿಲ್ಲ.

ಹೀಗೆ ಯಾಕಾಯಿತು ಅಂದರೆ, ಆಯಿಯ ಫೋನಿನಲ್ಲಿ ಇರುವುದು ದುಡ್ಡು ಕಟ್ಟದ ಆ್ಯಪ್. ಅದರಲ್ಲಿ ಹಾಡುಗಳು ನಾವು ಇಟ್ಟ ಕ್ರಮದಲ್ಲಿ ಬರುವುದಿಲ್ಲ. ಅದೇ ಕಲಸಿ ಹಾಕುತ್ತದೆ. ಮಧ್ಯೆ ತನಗೆ ಸರಿ ಕಂಡ ಹಾಡು ತೂರಿಸುತ್ತದೆ. ನನ್ನ ಫೋನಿನಲ್ಲಿ ದುಡ್ಡು ಕಟ್ಟಿದ್ದೇನೆ, ಹಾಗಾಗಿ ಅಲ್ಲಿ ಸಾಲು ಸರಿಯಾಗಿಯೇ ಬರುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಜಾಹೀರಾತು ಬೇಡ ಅಂದರೆ ದುಡ್ಡು ಕೇಳಿ, ಸರಿ. ಹಾಡು ಇಳಿಸಿಟ್ಟುಕೊಳ್ಳಬೇಕು ಅಂದರೂ ಕೇಳಿ. ಅದು ನಿಮ್ಮ ಸೌಲಭ್ಯ, ನಿಮ್ಮ ಖರ್ಚು. ಆದರೆ ಯಾವ ಹಾಡಿನ ನಂತರ ಯಾವ ಹಾಡು ಎಂಬ ಸಾಲು ಇದೆಯಲ್ಲ, ಅದನ್ನು ಕಟ್ಟಿದವನು ನಾನು. ಅದರಲ್ಲಿ ನಿಮ್ಮ ಕೆಲಸ ಏನೂ ಇಲ್ಲ. ನನ್ನ ಕೆಲಸವನ್ನು ಕೆಡಿಸುವುದು, ಆಮೇಲೆ ಕೆಡಿಸದೇ ಇರುವುದಕ್ಕೆ ತಿಂಗಳು ತಿಂಗಳು ನನ್ನಿಂದಲೇ ದುಡ್ಡು ಕೇಳುವುದು. ಇದು ಯಾವ ನ್ಯಾಯ?

ಸಾಲು ಅಂದರೆ ಏನು ಎಂದು ನಾನು ಕಲಿತದ್ದು ಅಪ್ಪಯ್ಯನಿಂದ. ಆಗ ಶಿರಸಿಯ ಅಂಗಡಿಗೆ ಹಾಡಿನ ಪಟ್ಟಿ ಬರೆದು ಕೊಟ್ಟರೆ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗುಲಿಗೆ 30 ನಿಮಿಷ. ಅಪ್ಪಯ್ಯ ಪ್ರತಿ ಹಾಡಿನ ಪಕ್ಕದಲ್ಲಿ ಸುಮಾರು ಎಷ್ಟು ನಿಮಿಷ ಎಂದು ಬರೆಯುತ್ತಿದ್ದ. ಕೊನೆಯ ಹಾಡು ಅರ್ಧಕ್ಕೆ ಕಡಿದು ಹೋಗಬಾರದು. ಅದಕ್ಕೆ ಪ್ರತಿ ಮಗ್ಗುಲಿನ ಕೊನೆಗೆ ಒಂದು ಸಣ್ಣ ಭಜನೆ. ದೊಡ್ಡ ಹಾಡು ಆದ ಮೇಲೆ ಹಗುರಾದದ್ದು. ಇಬ್ಬರು ಹೆಂಗಸರ ದನಿ ಒಂದರ ಹಿಂದೆ ಒಂದು ಬಂದರೆ ಮಧ್ಯೆ ಗಂಡಸಿನ ದನಿ. ಎಷ್ಟೋ ಸಲ ಪಟ್ಟಿ ಹೊಡೆದು ಮತ್ತೆ ಬರೆಯುತ್ತಿದ್ದ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆ ಕ್ಯಾಸೆಟ್ಟಿನ ಯಾವುದೇ ಹಾಡು ಇವತ್ತು ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಕೇಳಿದರೆ, ಅದು ಮುಗಿಯುವ ಹೊತ್ತಿಗೆ ನನ್ನ ಕಿವಿ ಅಪ್ಪಯ್ಯ ಹಾಕಿದ ಮುಂದಿನ ಹಾಡಿಗೆ ಕಾಯುತ್ತದೆ. ಬೇರೆ ಹಾಡು ಬಂದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಅಪ್ಪಯ್ಯ ಹೋದ ಮೇಲೆ ಇದು ಜಾಸ್ತಿಯಾಗಿದೆ. ಯಾರ ಹತ್ತಿರವೂ ಇದನ್ನು ಹೇಳಿರಲಿಲ್ಲ.

ಆ ಕ್ಯಾಸೆಟ್ಟಿನ ಸಾಲನ್ನೇ ಆ್ಯಪ್‌ನಲ್ಲಿ ಮತ್ತೆ ಕಟ್ಟಲು ಹೊರಟಾಗ ಗೊತ್ತಾಯಿತು, ಈ ಆ್ಯಪ್ ಮಾಡಿದವರು ಸಾಲು ಕಟ್ಟುವವನ ಬಗ್ಗೆ ಎಷ್ಟು ಕಡಿಮೆ ಯೋಚಿಸಿದ್ದಾರೆ ಅಂತ. ಕೆಳಗಿರುವ ಒಂದು ಹಾಡನ್ನು ಮೇಲೆ ತರಬೇಕು ಅಂದುಕೊಳ್ಳಿ. ಮೂರು ಚುಕ್ಕೆ ಒತ್ತಬೇಕು, ಆಮೇಲೆ ಎಡಿಟ್. ಆಗ ಪ್ರತಿ ಹಾಡಿನ ಪಕ್ಕ ಮೂರು ಗೆರೆ ಕಾಣುತ್ತದೆ. ಅದರ ಮೇಲೆ ಹೆಬ್ಬೆರಳು ಊರಿ, ಬಿಡದೆ, ಮೇಲಕ್ಕೆ ಎಳೆಯಬೇಕು. ಬೆರಳು ಪರದೆಯ ಅಂಚಿಗೆ ಬಂದದ್ದೇ ತಡ, ಇಡೀ ಪಟ್ಟಿ ಓಡಲು ಶುರು. ಎಲ್ಲಿ ನಿಲ್ಲಿಸಬೇಕು ಎಂದು ನೋಡುವಷ್ಟರಲ್ಲಿ ನಮ್ಮ ಜಾಗ ದಾಟಿ ಹೋಗಿರುತ್ತದೆ. ಬೆರಳು ಸ್ವಲ್ಪ ಎತ್ತಿದರೂ ಹಾಡು ಎಲ್ಲೋ ನಡುವೆ ಬೀಳುತ್ತದೆ. ಎಲ್ಲಿ ಬಿತ್ತು ಎಂದು ಮತ್ತೆ ಹುಡುಕಬೇಕು. ಒಂದು ಸಲಕ್ಕೆ ಒಂದೇ ಹಾಡು. ಕಂಪ್ಯೂಟರಿನಲ್ಲಾದರೆ ಶಿಫ್ಟ್ ಒತ್ತಿ ಒಂದಷ್ಟು ಹಾಡನ್ನು ಒಟ್ಟಿಗೆ ಹಿಡಿದು ಸರಿಸಬಹುದು. ನಮ್ಮೂರಲ್ಲಿ ಹಾಡು ಕೇಳಲು ಕಂಪ್ಯೂಟರ್ ಹಚ್ಚುವವರು ಯಾರಿದ್ದಾರೆ?

ಇನ್ನೊಂದು ಇದೆ. ಪಟ್ಟಿ 'ಹೆಸರಿನ ಪ್ರಕಾರ' ಅಥವಾ 'ಸೇರಿಸಿದ ದಿನದ ಪ್ರಕಾರ' ಎಂದು ಇದ್ದರೆ ಆ ಮೂರು ಗೆರೆಯೇ ಕಾಣುವುದಿಲ್ಲ. ನಾವೇ ಇಟ್ಟ ಕ್ರಮಕ್ಕೆ ಬದಲಿಸಿಕೊಂಡ ಮೇಲೆ ಮಾತ್ರ ಹಾಡು ಅಲುಗಾಡುತ್ತದೆ. ಇದನ್ನು ಅದು ಎಲ್ಲಿಯೂ ಹೇಳುವುದಿಲ್ಲ. ಇನ್ನು ಹೆಸರಿನ ಪ್ರಕಾರ ಜೋಡಿಸುವುದು ಕನ್ನಡದವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ನಮ್ಮ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ದೀರ್ಘಕ್ಕೆ ಒಬ್ಬರು ಎರಡು ಅಕ್ಷರ ಹಾಕುತ್ತಾರೆ, ಇನ್ನೊಬ್ಬರು ಒಂದೇ. ಒಂದೇ ಹಾಡು ಎರಡು ಕಡೆ ಸಿಗುತ್ತದೆ. ಅಪ್ಪಿತಪ್ಪಿ ಯಾರಾದರೂ ಕನ್ನಡದಲ್ಲೇ ಬರೆದಿದ್ದರೆ ಅದು ಝೆಡ್ ಆದ ಮೇಲೆ, ಎಲ್ಲಕ್ಕಿಂತ ಕೆಳಗೆ.

"ಹಾಡು ಮುಖ್ಯ ಮಾರಾಯ, ಸಾಲು ಯಾಕೆ? ಶಫಲ್ ಹಾಕು, ಮುಂದೆ ಏನು ಬರುತ್ತದೆ ಎಂದು ಗೊತ್ತಿಲ್ಲದೆ ಕೇಳುವುದರಲ್ಲೇ ಖುಷಿ" ಎಂದು ಕಾರವಾರದ ಗೆಳೆಯ ಹೇಳುತ್ತಾನೆ. ಅವನು ರೇಡಿಯೋದ ಉದಾಹರಣೆಯನ್ನೂ ಕೊಡುತ್ತಾನೆ. ರೇಡಿಯೋದಲ್ಲಿ ನಿನ್ನ ಕ್ರಮ ಎಲ್ಲಿತ್ತು, ಅವರು ಹಾಕಿದ್ದು ಕೇಳುತ್ತಿದ್ದೆಯಲ್ಲ ಅಂತ.

ಕೇಳುತ್ತಿದ್ದೆ, ಹೌದು. ಆದರೆ ರೇಡಿಯೋ ಕಲಸಿದ ಪಟ್ಟಿ ಆಗಿತ್ತಾ? ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬೆಳಗ್ಗೆ ಯಾವುದು ಮೊದಲು, ಯಾವುದರ ನಂತರ ವಾರ್ತೆ, ಯಾವ ಹೊತ್ತಿಗೆ ಭಾವಗೀತೆ, ಎಲ್ಲವನ್ನೂ ಮನುಷ್ಯರು ಕೂತು ಯೋಚಿಸಿ ಇಟ್ಟಿದ್ದಾರೆ. ಆ ಕ್ರಮದ ಮೇಲೆ ನಂಬಿಕೆ ಇಟ್ಟು ನಮ್ಮ ಮನೆಯಲ್ಲಿ ದನ ಕರೆಯುತ್ತಿದ್ದರು, ಶಾಲೆಗೆ ಹೊರಡಿಸುತ್ತಿದ್ದರು. ಅಲ್ಲಿ ಕ್ರಮ ನನ್ನದಲ್ಲದಿದ್ದರೂ ಒಬ್ಬರದ್ದಂತೂ ಆಗಿತ್ತು.

ಶಫಲ್‌ನ ಖುಷಿಯ ಮಾತಿಗೆ ಬರೋಣ. ಹತ್ತು ಹಾಡನ್ನು ಎಷ್ಟು ಬಗೆಯಲ್ಲಿ ಸಾಲು ಮಾಡಬಹುದು ಗೊತ್ತಾ? 36,28,800 ಬಗೆ. ಬರೀ ಹತ್ತಕ್ಕೆ. ಸ್ಪಾಟಿಫೈ ಎಂಬ ಹಾಡಿನ ಆ್ಯಪ್ ಮೊದಲು ಬಳಸುತ್ತಿದ್ದದ್ದು 1938ರಲ್ಲಿ ಫಿಶರ್ ಮತ್ತು ಯೇಟ್ಸ್ ಎಂಬ ಇಬ್ಬರು ಹೇಳಿಕೊಟ್ಟ ಲೆಕ್ಕ. ಅದರಲ್ಲಿ ಈ ಎಲ್ಲ ಸಾಲಿಗೂ ಸಮನಾದ ಅವಕಾಶ. ನಿಜವಾದ ಕಲಸುವಿಕೆ ಅಂದರೆ ಅದೇ. ಜನ ಏನೆಂದರು? ಇದು ಕಲಸುತ್ತಿಲ್ಲ, ಒಬ್ಬನದ್ದೇ ಎರಡು ಮೂರು ಹಾಡು ಒಟ್ಟಿಗೆ ಬರುತ್ತಿದೆ ಎಂದು ದೂರಿದರು. ಸರಿಯಾಗಿ ಕಲಸಿದರೆ ಹಾಗೆ ಗುಂಪು ಬೀಳುವುದು ಸಹಜ, ಆದರೂ ಜನಕ್ಕೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವರು ಲೆಕ್ಕವನ್ನೇ ಬದಲಿಸಿದರು. ಒಬ್ಬ ಗಾಯಕನ ಹಾಡುಗಳು ದೂರ ದೂರ ಬೀಳುವಂತೆ ಮಾಡಿದ್ದನ್ನು 2014ರಲ್ಲಿ ಅವರ ಎಂಜಿನಿಯರೇ ಬರೆದು ತಿಳಿಸಿದ್ದಾರೆ. ಅಂದರೆ ಕಲಸು ಎಂದು ಕೇಳಿದವರಿಗೂ ಒಳಗಿನಿಂದ ಬೇಕಾಗಿದ್ದದ್ದು ಒಂದು ಜೋಡಣೆಯೇ! ಅಪ್ಪಯ್ಯ ಇಬ್ಬರು ಹೆಂಗಸರ ದನಿಯ ನಡುವೆ ಗಂಡಸಿನ ದನಿ ಇಟ್ಟದ್ದು ಇದೇ ಕಾರಣಕ್ಕೆ. ಗೆಳೆಯನಿಗೆ ಇದನ್ನು ಹೇಳಿದೆ. ಅವನು ಉತ್ತರ ಕೊಡಲಿಲ್ಲ.

ನಮ್ಮ ಜಿಲ್ಲೆಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರೂರಲ್ಲಿ ಹಿಂದೂಸ್ತಾನಿ ಬೈಠಕ್ ಕೂತು ಕೇಳಿದ ಜನ ನಾವು. ನಿಧಾನದ ವಿಳಂಬಿತ ಮೊದಲು, ವೇಗದ ದ್ರುತ್ ಆಮೇಲೆ. ನಿಧಾನಕ್ಕೆ ರಾಗ ಬಿಚ್ಚಿಕೊಂಡ ಮೇಲೆ ಓಟಕ್ಕೆ ಅರ್ಥ. ಆ್ಯಪ್‌ಗಳಲ್ಲಿ ಇವೆರಡನ್ನು ಎರಡು ಬೇರೆ ಟ್ರ್ಯಾಕ್ ಮಾಡಿ ಹಾಕಿರುತ್ತಾರೆ. ಶಫಲ್ ಆದರೆ ದ್ರುತ್ ಒಂದೇ ಬಂದು ಹೋಗುತ್ತದೆ, ಅದರ ವಿಳಂಬಿತ ಇನ್ಯಾವುದೋ ರಾಗದ ಹಿಂದೆ ಬರುತ್ತದೆ. ಕಛೇರಿ ಮುಗಿಸುವುದು ಭೈರವಿಯಿಂದ. ಅದು ಬೆಳಗಿನ ರಾಗವಾದರೂ ರಾತ್ರಿ ಕಛೇರಿಯಲ್ಲೂ ಕೊನೆಗೆ ಅದೇ. ಭೈರವಿ ಶುರುವಾದರೆ ಚಪ್ಪಲಿ ಹುಡುಕುವವರು ಎದ್ದರು ಎಂದೇ ಲೆಕ್ಕ. ಆ್ಯಪ್ ಅದನ್ನು ಮೊದಲಿಗೇ ತಂದಿಟ್ಟರೆ ಹೇಗೆ ಕೇಳುವುದು ಹೇಳಿ. ಯಕ್ಷಗಾನದ ಆಟದಲ್ಲೂ ಹಾಗೆಯೇ ಅಲ್ವಾ? ಹೊತ್ತು ಸಾಲದಿದ್ದರೆ ಹಾಡುವ ಭಾಗವತರು ಪದ್ಯ ಬಿಡುತ್ತಾರೆ. ಈಗಿನ ಮೂರು ತಾಸಿನ ಕಾಲಮಿತಿ ಆಟದಲ್ಲಿ ಬೇಕಾದಷ್ಟು ಬಿಡುತ್ತಾರೆ. ಆದರೆ ಕಥೆ ತಿಳಿದು ಬಿಡುತ್ತಾರೆ. ಕೊಂದವನನ್ನು ಮತ್ತೆ ರಂಗಕ್ಕೆ ಕರೆಯುವುದಿಲ್ಲ.

ಇನ್ನು ಗಾಯಕರಿಗೂ ಈ ನೋವು ಇದೆ. 2021ರ ನವೆಂಬರಿನಲ್ಲಿ ಇಂಗ್ಲಿಷ್ ಗಾಯಕಿ ಅಡೆಲ್‌ಳ ಹೊಸ ಆಲ್ಬಮ್ ಬಂದಾಗ, ಹಾಡುಗಳ ಕ್ರಮವನ್ನು ನಾವು ಸುಮ್ನೆ ಇಟ್ಟಿರುವುದಿಲ್ಲ ಎಂದು ಆಕೆ ಹೇಳಿದಳು. ಆಲ್ಬಮ್ ಪುಟದಲ್ಲಿ ತಾನಾಗಿ ಶಫಲ್ ಆಗುತ್ತಿದ್ದದ್ದನ್ನು ಸ್ಪಾಟಿಫೈ ದುಡ್ಡು ಕಟ್ಟಿದವರಿಗೆ ತೆಗೆದು ಹಾಕಿತು. ಒಳ್ಳೆಯದಾಯಿತು, ನಿಜಕ್ಕೂ ಖುಷಿಯಾಯಿತು. ಅವಳ ಸಾಲಿಗೆ ಸಿಕ್ಕಿದ ಮರ್ಯಾದೆ ನಮ್ಮ ಸಾಲಿಗೂ ಸಿಗಬೇಕು. ಹಾಡಿದವರಿಗೆ ಒಂದು ಕ್ರಮ ಇರುವ ಹಾಗೆ ಕೇಳುವವರಿಗೂ ಇರುತ್ತದೆ. ಅಡಿಕೆ ಸುಲಿಯುವಾಗ ಬೇಕಾದ ಸಾಲು ಬೇರೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ಬೇಕಾದ ಸಾಲು ಬೇರೆ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಇಳಿಸಿಟ್ಟುಕೊಂಡ ಪಟ್ಟಿಯೇ ಗತಿ. ತಿರುವು ಇರುವಲ್ಲಿ ನಿಧಾನದ ಹಾಡು, ಕತಗಾಲ ಬಂದು ರಸ್ತೆ ನೇರವಾದ ಮೇಲೆ ಓಡುವ ಹಾಡು. ಇದನ್ನು ಹಾಡಿದವನೂ ಮಾಡಿಕೊಡಲಾರ, ಆ್ಯಪ್ ಕೂಡ ಮಾಡಿಕೊಡಲಾರದು. ಆ ರಸ್ತೆಯಲ್ಲಿ ಓಡಾಡಿದವನೇ ಮಾಡಬೇಕು.

ನನ್ನ ಹಾಗೆ ಒದ್ದಾಡುವವರಿಗೆ ಒಂದು ಉಪಾಯ. ದೊಡ್ಡ ಪಟ್ಟಿಯನ್ನು ಎಳೆದಾಡಿ ಸರಿ ಮಾಡಲು ಹೋಗಬೇಡಿ. ಮೊದಲು ಕಾಗದದ ಮೇಲೆ ಸಾಲು ಬರೆದುಕೊಳ್ಳಿ. ಆಮೇಲೆ ಹೊಸ ಪಟ್ಟಿ ಮಾಡಿ, ಬರೆದ ಕ್ರಮದಲ್ಲಿ ಒಂದೊಂದಾಗಿ ಸೇರಿಸಿ. ನಾನು ಬಳಸುವುದರಲ್ಲಿ ಹೊಸ ಹಾಡು ಕೊನೆಗೆ ಹೋಗಿ ಕೂರುತ್ತದೆ, ಹಾಗಾಗಿ ಸಾಲು ತಾನಾಗಿ ಆಗುತ್ತದೆ. ಪಟ್ಟಿ ಮುಗಿದ ಮೇಲೆ ಆ್ಯಪ್ ತಾನಾಗಿ ಬೇರೆ ಹಾಡು ಹಾಕುವುದಕ್ಕೆ ಆಟೋಪ್ಲೇ ಎನ್ನುತ್ತಾರೆ, ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆಯಿರಿ. ಕ್ರಾಸ್‌ಫೇಡ್ ಸೊನ್ನೆಗೆ ಇಡಿ, ಇಲ್ಲದಿದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ಆ ಕಾಗದ ಬಿಸಾಡಬೇಡಿ. ಹಕ್ಕಿನ ಗಡುವು ಮುಗಿದು ಹಾಡುಗಳು ಮಾಯವಾಗುತ್ತಲೇ ಇರುತ್ತವೆ. ಏನು ಹೋಯಿತು ಎಂದು ಆಗ ಗೊತ್ತಾಗುವುದು ಆ ಕಾಗದದಿಂದ.

ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಎಷ್ಟೋ ಹುಡುಗರು, ಹುಡುಗಿಯರು ಬೆಂಗಳೂರಿನಲ್ಲಿ ಆ್ಯಪ್ ಕಟ್ಟುವ ಕೆಲಸದಲ್ಲಿದ್ದೀರಿ. ಹಾಡಿನ ಆ್ಯಪ್‌ನಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಮೇಲಿನವರಿಗೆ ಎರಡು ವಿಷಯ ಮುಟ್ಟಿಸಿ. ಹಾಡಿನ ಪಕ್ಕ ಒಂದು ಸಣ್ಣ ಚೌಕ ಕೊಡಿ. ಅದರಲ್ಲಿ 4 ಎಂದು ಒತ್ತಿದರೆ ಹಾಡು ನಾಲ್ಕನೆಯ ಜಾಗಕ್ಕೆ ಹೋಗಿ ಕೂರಬೇಕು, ಬೆರಳು ಸವೆಯುವ ಹಾಗೆ ಎಳೆಯುವ ಕೆಲಸ ಇರಬಾರದು. ಎರಡನೆಯದು, ಮನುಷ್ಯ ಕೈಯಾರೆ ಜೋಡಿಸಿದ ಪಟ್ಟಿ ದುಡ್ಡು ಕಟ್ಟಿದವರಿಗೂ ಕಟ್ಟದವರಿಗೂ ಜೋಡಿಸಿದ ಹಾಗೆಯೇ ಬರಬೇಕು. ಅದಕ್ಕೆ ಬದಲಾಗಿ ಒಂದು ಜಾಹೀರಾತು ಜಾಸ್ತಿ ಹಾಕುತ್ತೀರಾ, ಹಾಕಿ. ಆಯಿ ಕೇಳುತ್ತಾಳೆ, ನಾನೂ ಕೇಳುತ್ತೇನೆ.