ಯಾರು ಬರೆದದ್ದು ಅಂತ ಕೇಳಬೇಡಿ ಸಾರ್

ನಿನ್ನೆ ನಮ್ಮ ದಾವಣಗೆರೆಯಲ್ಲೇ ಒಂದು ತರಬೇತಿ. ಮುಗಿಯುವ ಹೊತ್ತಿಗೆ ಭಾಷಣ ಮಾಡಿದವರು ಅಭಿಪ್ರಾಯದ ಹಾಳೆಗಳನ್ನು ವೇದಿಕೆ ಮೇಲೇ ತಿರುವಿಹಾಕುತ್ತಾ, ಹೊಗಳಿದ್ದನ್ನೆಲ್ಲ ಮೈಕಿನಲ್ಲಿ ಓದಿದರು. ಒಂದು ಹಾಳೆಗೆ ಮುಖ ಬಿಗಿಯಿತು. "ಹಿಂದಕ್ಕೆ ಏನೂ ಕೇಳಿಸಲಿಲ್ಲವಂತೆ. ಯಾರಪ್ಪಾ ಬರೆದದ್ದು? ಎದ್ದು ನಿಲ್ಲಿ." ಯಾರೂ ಏಳಲಿಲ್ಲ. ಹೇಗೆ ಏಳ್ತಾರೆ, ಹಿಂದಿನ ಸಾಲಿಗೆ ಇದೂ ಕೇಳಿಸಿರಲಿಲ್ಲ!

ಸಂಜೆ ಅವರ ಸ್ಟೇಟಸ್: "5ಕ್ಕೆ 4.6. ಧನ್ಯವಾದ ದಾವಣಗೆರೆ."

ಈ ಸರಾಸರಿ ಅನ್ನೋದು ಭಾರಿ ಮೋಸಗಾರ. 40 ಜನರಲ್ಲಿ 20 ಜನ 5 ಕೊಟ್ಟು 20 ಜನ 2 ಕೊಟ್ಟರೆ ಸರಾಸರಿ 3.5. 20 ಜನ 4, ಇನ್ನು 20 ಜನ 3 ಕೊಟ್ಟರೂ ಅದೇ 3.5. ಮೊದಲನೇದರಲ್ಲಿ ಅರ್ಧ ಸಭೆಗೆ ನಿಮ್ಮ ಮಾತು ದಕ್ಕಿಲ್ಲ. ಎರಡನೇದರಲ್ಲಿ ಎಲ್ಲರೂ "ಪರವಾಗಿಲ್ಲ ಬಿಡಿ" ಅಂದಿದ್ದಾರೆ. ಎರಡಕ್ಕೂ ಮದ್ದು ಬೇರೆ ಬೇರೆ. ಯಾವ ಅಂಕ ಎಷ್ಟು ಜನ ಕೊಟ್ಟರು ಅಂತ ಎಣಿಸಿ, ಸರಾಸರಿ ಆಮೇಲೆ. ಕೂತವರು 60, ಬಂದ ಹಾಳೆ 23 ಅಂದ್ರೆ ಉಳಿದ 37 ಜನರ ಮನಸ್ಸಿನಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಹೋಗಲಿ, ಆ 4.6 ಅಳೆದದ್ದಾದರೂ ಏನನ್ನು? ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿ ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದ: ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಫಲ ಬಂತಾ. ಕೊನೆಯಲ್ಲಿ ಹಂಚುವ ಹಾಳೆ ಮೊದಲನೇ ಮೆಟ್ಟಿಲನ್ನೂ ಪೂರ್ತಿ ಹತ್ತಲ್ಲ. 1970ರಲ್ಲಿ ಅಮೆರಿಕದಲ್ಲಿ ಒಬ್ಬ ನಟನಿಗೆ ಡಾಕ್ಟರ್ ಫಾಕ್ಸ್ ಅಂತ ಹೆಸರಿಟ್ಟು, ತಲೆಬುಡ ಇಲ್ಲದ ಉಪನ್ಯಾಸವನ್ನು ಬಲು ರಂಜಕವಾಗಿ ಕೊಡಿಸಿದರು. ಕೇಳುಗರಲ್ಲಿ ಮನೋವೈದ್ಯರೂ ಇದ್ದರು. ಒಳ್ಳೇ ಅಂಕವೇ ಬಂತು.

"ನಮ್ಮ ಜನಕ್ಕೆ ಬರೆಯೋಕೆ ಬರಲ್ಲ, ಸುಮ್ನೆ ಟಿಕ್ ಹೊಡೀತಾರೆ" ಅಂತೀರಿ. ಹೊಡೀತಾರೆ, ನಿಜ. 14 ಪ್ರಶ್ನೆ, ಅದೂ ಇಂಗ್ಲಿಷಿನಲ್ಲಿ, ಪಕ್ಕದಿಂದ ಪಲಾವಿನ ವಾಸನೆ, 60 ಜನಕ್ಕೆ ಎಂಟು ಪೆನ್ನು, ಮೇಲಾಗಿ ಹಾಳೆ ಕೊಟ್ಟವರಿಗಷ್ಟೇ ಸರ್ಟಿಫಿಕೇಟು! ಯಾರಾದರೂ ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಟಿಕ್ ಎಳೆದು ಎದ್ದು ಹೋಗ್ತಾರೆ. ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿ ಬೆಳೆದ ಊರಿದು ರೀ. ಇಲ್ಲಿನವರಿಗೆ ಅಭಿಪ್ರಾಯ ಹೇಳೋಕೆ ಬರಲ್ಲ ಅನ್ನಬೇಡಿ.

ಮೂರು ಪ್ರಶ್ನೆ ಸಾಕು, ಕನ್ನಡದಲ್ಲಿ. ಎಲ್ಲಿ ಅರ್ಥವಾಗಲಿಲ್ಲ? ಏನನ್ನು ಬಿಡಬಹುದಿತ್ತು? ನಾಳೆ ಕೆಲಸದಲ್ಲಿ ಯಾವುದನ್ನು ಮಾಡಿ ನೋಡ್ತೀರಿ? ಕೊನೇ ಪ್ರಶ್ನೆಯೇ ಚಿನ್ನ. ಅದಕ್ಕೆ "ಎಲ್ಲವನ್ನೂ" ಅಂತ ಬರೆದಿದ್ದರೆ ತಲೆಗೆ ಏನೂ ಹತ್ತಿಲ್ಲ ಅಂತ ತಿಳೀರಿ. ಮುಗಿಯುವ ಹತ್ತು ನಿಮಿಷ ಮೊದಲೇ ಹಂಚಿ, ಹೆಸರು ಕೇಳಬೇಡಿ, ಬಾಗಿಲ ಹತ್ತಿರ ಒಂದು ರಟ್ಟಿನ ಡಬ್ಬಿ ಇಡಿ. ನೀವು ಮಾತ್ರ ಆ ಡಬ್ಬಿ ಪಕ್ಕ ನಗುತ್ತಾ ನಿಲ್ಲಬೇಡಿ.

ಹಾಳೆಗಳನ್ನು ಮರುದಿನ ಓದಿ. ಅವತ್ತು ರಾತ್ರಿ ಓದಿದರೆ 59 ಹೊಗಳಿಕೆ ಮರೆತು ಒಂದು ತೆಗಳಿಕೆ ತಲೆ ಕೊರೆಯುತ್ತೆ. (ನನಗೂ ಕೊರೆಯುತ್ತೆ, ಸುಳ್ಳು ಯಾಕೆ.) ಓದುವಾಗ ಮೂರು ಗುಡ್ಡೆ ಮಾಡಿ. ಮೈಕು, ಕುರ್ಚಿ, ಫ್ಯಾನು ಒಂದು ಕಡೆ. ಅದನ್ನು ಆಯೋಜಕರಿಗೆ ಕೂಡಲೇ ತಿಳಿಸಿ. ವಿಷಯದ ಬಗ್ಗೆ ಇನ್ನೊಂದು ಕಡೆ; ಒಂದೇ ಜಾಗದಲ್ಲಿ ಇಬ್ಬರು ಮೂವರು ಎಡವಿದ್ದರೆ ತಪ್ಪು ನಿಮ್ಮ ಸ್ಲೈಡಿನದು, ಬದಲಾಯಿಸಿ. ನಿಮ್ಮ ಅಂಗಿ, ನಗು, ಗಡ್ಡದ ಬಗ್ಗೆ ಬರೆದದ್ದು ಮೂರನೇ ಗುಡ್ಡೆ, ನಕ್ಕು ಬಿಡಿ. ಮೂರು ವಾರ ಬಿಟ್ಟು ಐದು ಜನಕ್ಕೆ ಫೋನ್ ಮಾಡಿ, "ಚೆನ್ನಾಗಿತ್ತಾ" ಅನ್ನದೆ "ಏನು ಮಾಡಿದಿರಿ" ಅಂತ ಕೇಳಿ. ಆ ಕಡೆ ಒಂದು ಗಳಿಗೆ ಮೌನ ಬರುತ್ತೆ ನೋಡಿ, ನಿಮ್ಮ ನಿಜವಾದ ಅಂಕ ಅದು.

ಬೆಣ್ಣೆ ದೋಸೆ ಹೋಟ್ಲಲ್ಲಿ ಗಲ್ಲಾದ ಮೇಲೆ ಕೂತವನು ವಾಪಸ್ ಬರುವ ತಟ್ಟೆ ನೋಡ್ತಾನೆ. ಚಟ್ನಿ ಹಾಗೇ ಉಳಿದಿದ್ದರೆ "ಯಾರು ಬಿಟ್ಟದ್ದು, ಎದ್ದು ನಿಲ್ಲಿ" ಅಂತಾನಾ? ಒಳಗೆ ಹೋಗಿ ಚಟ್ನಿ ನೆಕ್ಕಿ ನೋಡ್ತಾನೆ.

ಹಿಂದಕ್ಕೆ ಕೇಳಿಸಲಿಲ್ಲ ಅಂದ ಆ ಹಾಳೆಗೆ ಬೇಕಿದ್ದದ್ದೂ ಅಷ್ಟೇ. ಅರ್ಧ ಗಂಟೆ ಮೊದಲು ಹೋಗಿ, ಫ್ಯಾನು ಪೂರ್ತಿ ಹಾಕಿಸಿ, ಕೊನೇ ಸಾಲಿನಲ್ಲಿ ಒಬ್ಬರನ್ನು ಕೂರಿಸಿ. ನೀವು ಹೇಳಿದ ಸಾಲನ್ನು ಅವರು ವಾಪಸ್ ಹೇಳಲಿ. ಸ್ಪೀಕರ್ ಡಬ್ಬಿ ನಿಮ್ಮ ಬೆನ್ನ ಹಿಂದೆ ಇದ್ದರೆ ಮುಂದಕ್ಕೆ ಇಡಿಸಿ, ಇಲ್ಲಾಂದ್ರೆ ಮೈಕು ಕುಂಯ್ ಅನ್ನುತ್ತೆ, ಆಪರೇಟರು ದನಿ ತಗ್ಗಿಸಿಬಿಡ್ತಾನೆ. ಕೈಮೈಕು ಬಾಯಿಂದ ನಾಲ್ಕು ಬೆರಳಿನಷ್ಟೇ ದೂರ ಇರಲಿ. ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲ ಸೇರಿ ದನಿ ಹೀರಿಕೊಳ್ಳುತ್ತೆ. ಅದಕ್ಕೇ ಶುರುವಾದ ಹತ್ತು ನಿಮಿಷಕ್ಕೆ ಮತ್ತೊಮ್ಮೆ "ಹಿಂದಕ್ಕೆ ಕೇಳ್ತಿದೆಯಾ" ಅನ್ನಿ. ಮುಂದಿನ ಸಾಲಿನವರು ಹೂಂ ಅಂದದ್ದನ್ನು ಲೆಕ್ಕಕ್ಕೆ ತಗೋಬೇಡಿ.